ಫೆಬ್ರುವರಿ ಮೂವತ್ತೊಂದರ ಪಾಸು

ಕುಲಗೋಡದಿಂದ ಗೋಕಾಕಕ್ಕೆ ಕೆಲಸಕ್ಕೆ ಹೋಗಿಬರಲು ಖಾಸಗಿ ಬಸ್ಸಿನ ತಿಂಗಳ ಪಾಸು ನಾನು ಮಾಡಿಸಿದ್ದು ಜನವರಿ ಮೂವತ್ತೊಂದಕ್ಕೆ. ಬಸ್ಸಿನವರು ಆಗಷ್ಟೇ ತಂದಿದ್ದ ಕಂಪ್ಯೂಟರು 'ಫೆಬ್ರುವರಿ 31ರ ತನಕ' ಎಂದು ಅಚ್ಚೊತ್ತಿ ಕೊಟ್ಟಿತು.

"ಇಂಥಾ ತಾರೀಖ ಎಲ್ಲೈತ್ರಿ?" ಎಂದೆ.

"ಪ್ರೋಗ್ರಾಮ್ ನಾನಽ ಬರದೇನಿ. ತಾರೀಖ ಹಂಗಽ ಇಟ್ಟು ತಿಂಗಳಿಗೆ ಒಂದು ಕೂಡಸ್ತೈತಿ. ಕಂಪ್ಯೂಟರ್ ತಪ್ಪೂದಿಲ್ಲ, ನಡೀರಿ ಅಕ್ಕಾರ," ಎಂದು ಪಾಸು ಕೊಡಲು ಕೂತಿದ್ದ ಬಸ್ಸಿನ ಮಾಲಕರ ಮಗ ಗದರಿದ.

ಮಾರ್ಚ್ ಮೊದಲ ವಾರ ಕಂಡಕ್ಟರ್ ಪಾಸು ನೋಡಿ, "ಮುದತ್ತ ಮುಗದೈತಿ. ತಿಕೀಟ ತಗೋರಿ, ಇಲ್ಲಾ ಇಳೀರಿ," ಎಂದ.

"ಫೆಬ್ರುವರಿ ಮೂವತ್ತೊಂದು ಬರ್ಲಿ ತಮ್ಮಾ, ಅವತ್ತ ಇಳೀತೀನಿ. ಕಂಪ್ಯೂಟರ್ ತಪ್ಪೂದಿಲ್ಲಂತ, ನಿಮ್ಮ ಮಾಲಕರ ಮಗನ್ನ ಕೇಳು," ಎಂದು ಇನ್ನಷ್ಟು ಗಟ್ಟಿಯಾಗಿ ಕೂತೆ. ಬಸ್ಸೆಲ್ಲ ನಕ್ಕಿತು. ಕಂಡಕ್ಟರ್ ಸೀಟಿ ಊದಿದ.

ಮರುದಿನವೇ ಪ್ರೋಗ್ರಾಮು ತಿದ್ದಿದರಂತೆ. ನಾನೂ ಹೊಸ ಪಾಸು ಮಾಡಿಸಿದೆ. ಹಳೆಯದು ಮಾತ್ರ ಇವತ್ತಿಗೂ ಪರ್ಸಿನಲ್ಲಿದೆ. ಎಸೆಯಬೇಕೆಂದರೆ ಅದರ ಮುದತ್ತು ಮುಗಿಯಬೇಕಲ್ಲ!