ಚಿತ್ರ ಒಂದು, ದನಿ ಎರಡು

ಮಸ್ಕತ್ತಿಗೆ ಬಂದ ಮರುದಿನ ಬೆಳಿಗ್ಗೆ ಮುಖ ತೊಳೆಯೋಣ ಅಂತ ತಣ್ಣೀರಿನ ನಲ್ಲಿ ತಿರುಗಿಸಿದೆ. ಕೈ ಚುರ್ ಅಂತು. ನೀರಲ್ಲ, ಕುದಿಯುವ ಎಸರು! ಗಾಬರಿಯಾಗಿ ಮಗಳನ್ನು ಕೂಗಿದೆ.

ಸುಜಾತ ನಗುತ್ತಲೇ ಬಂದಳು. "ಯವ್ವಾ, ಬ್ಯಾಸಿಗ್ಯಾಗ ಇಲ್ಲಿ ಎಲ್ಲಾ ಉಲ್ಟಾ. ಮಾಳಿಗಿ ಮ್ಯಾಲಿನ ಟಾಕಿ ಕಾದು ಕೆಂಡ ಆಗಿರತೈತಿ. ಅದಕ್ಕ ಗೀಜರ್ ಬಂದ್ ಮಾಡಿಟ್ಟೀವಿ, ಅದರಾಗಿನ ನೀರು ಆರಿರತೈತಿ. ನೀ ಬಿಸಿನೀರಿನ ನಲ್ಲಿ ತಿರುವು, ತಣ್ಣೀರು ಬರತೈತಿ."

ಹಂಗೇ ಬಂತು ನೋಡ್ರಿ. ರಾಯಚೂರಿನ ಬಿಸಿಲಿನಲ್ಲಿ ಹುಟ್ಟಿ ಬೆಳೆದವಳು ನಾನು, ಬಿಸಿಲಿಗೆ ಹೆದರುವವಳಲ್ಲ. ಆದರೆ ತಣ್ಣೀರು ಬೇಕಾದರೆ ಬಿಸಿನೀರಿನ ನಲ್ಲಿ ತಿರುಗಿಸಬೇಕು ಅನ್ನುವ ದೇಶಕ್ಕೆ ಬಂದೆನಲ್ಲ, ಇಲ್ಲಿ ನನ್ನ ತಿಳಿವಳಿಕೆ ಏನು ನಡೆದೀತು ಅಂತ ಆವತ್ತು ಅನ್ನಿಸಿತು.

ನಮ್ಮ ಮನೆ ಇರುವುದು ಮಸ್ಕತ್ತಿನ ಸೀಬ್‌ನಲ್ಲಿ. ವಿಮಾನ ಇಳಿಯುವ ಜಾಗಕ್ಕೆ ಹತ್ತಿರ. ದೊಡ್ಡ ಬಿಳಿ ಮನೆಯೊಂದರ ಮೇಲಿನ ಅಂತಸ್ತು ಬಾಡಿಗೆಗೆ ಹಿಡಿದಿದ್ದಾರೆ. ಅಳಿಯ ಹರೀಶ ಮೈಸೂರಿನವ, ಕಂಪನಿಯ ಆಫೀಸಿನಲ್ಲಿ ಕೆಲಸ. ಮಗಳು ಒಂದು ದವಾಖಾನೆಯಲ್ಲಿ ಲೆಕ್ಕಪತ್ರ ನೋಡುತ್ತಾಳೆ. ಮೊಮ್ಮಗಳು ಇಂಚರ ಇಂಡಿಯನ್ ಸ್ಕೂಲಿನಲ್ಲಿ ಐದನೇ ಕ್ಲಾಸು. ಬೆಳಿಗ್ಗೆ ಎಲ್ಲರೂ ಹೊರಟರೆ ಮನೆಯಲ್ಲಿ ನಾನು ಮತ್ತು ಎ.ಸಿ.ಯ ಗುಂಯ್ ಅನ್ನುವ ಸದ್ದು. ಊರಲ್ಲಾದರೆ ಕಟ್ಟೆಗೆ ಬಂದು ಕೂತರೆ ಸಾಕು, ಹೋಗುವವರು ಬರುವವರು ಮಾತಾಡಿಸುತ್ತಾರೆ. ಇಲ್ಲಿ ಕಟ್ಟೆಯೇ ಇಲ್ಲ. ಉಪ್ಪು ತರುವುದಕ್ಕೂ ಕಾರು ಬೇಕು. ಇಂಚರ ಬಂದಳೆಂದರೆ ಜೀವ ಬಂದ ಹಾಗೆ, ಆದರೆ ನಾನು ಕನ್ನಡದಲ್ಲಿ ಕೇಳಿದರೆ ಅವಳು ಅರ್ಧಕ್ಕರ್ಧ ಇಂಗ್ಲಿಷಿನಲ್ಲೇ ಉತ್ತರ ಕೊಡುತ್ತಾಳೆ. "ಊಟ ಆತೇನವ್ವಾ?" ಅಂದರೆ "ಯೆಸ್ ಅಜ್ಜಿ, ಐಯಾಮ್ ಫುಲ್." ಇಷ್ಟೇ.

ಒಂದು ಸಂಜೆ ಒಣಗಿದ ಬಟ್ಟೆ ತರಲು ಮಾಳಿಗೆ ಹತ್ತಿದೆ. ಸುತ್ತ ನೋಡಿದರೆ ಪ್ರತಿ ಮನೆಯ ಮೇಲೂ ಟಿ.ವಿ.ಯ ಬುಟ್ಟಿ, ಎಲ್ಲವೂ ಮುಗಿಲಿಗೆ ಕಿವಿ ಕೊಟ್ಟುಕೊಂಡು ನಿಂತಿವೆ. ಪಕ್ಕದ ಮನೆಯ ಅಂಗಳದಲ್ಲಿ ಒಬ್ಬ ಹೆಂಗಸು ಕೋಳಿಗೆ ಕಾಳು ಹಾಕುತ್ತಿದ್ದಳು. ನನ್ನ ವಾರಿಗೆಯವಳೇ. ತಲೆಯೆತ್ತಿ ನನ್ನನ್ನು ನೋಡಿ, "ಇಂಡಿಯಾ?" ಅಂತ ಕೂಗಿದಳು. ನಾನು ಹೂಂ ಅಂದೆ. ಆಕೆ ಹಿಂದಿಯಲ್ಲಿ, "ಹಾಗಾದರೆ ಅಲ್ಲೇನು ನಿಂತೀ, ಕೆಳಗೆ ಬಾ" ಅಂದಳು!

ಇಲ್ಲಿ ಒಂದು ಮಾತು ಹೇಳಬೇಕು. ನಮ್ಮ ರಾಯಚೂರು ಸೀಮೆ ಹಿಂದೆ ನಿಜಾಮನ ಕಡೆ ಇದ್ದದ್ದು. ನಮ್ಮ ಓಣಿಯಲ್ಲಿ ಅರ್ಧ ಜನ ಮುಸಲ್ಮಾನರು, ಅವರ ಉರ್ದು ಮಾತು ಕೇಳಿ ಕೇಳಿ ನನಗೂ ನಾಲಿಗೆ ತಿರುಗುತ್ತದೆ. ಈಕೆಯೋ ಬಲೂಚಿ ಮನೆತನದವಳು, ಈ ಕಡಲ ದಂಡೆಯಲ್ಲೇ ಹುಟ್ಟಿದವಳು, ಹಿಂದಿ ಮಾತು ಅಷ್ಟಿಷ್ಟು ಗೊತ್ತು. ನನ್ನ ಮುರುಕು ಹಿಂದಿ, ಅವಳ ಮುರುಕು ಹಿಂದಿ ಕೂಡಿ ಒಂದು ಇಡೀ ಮಾತಾಯಿತು. ಇಲ್ಲಿ ಹಿರಿಯ ಹೆಂಗಸರನ್ನು ಹೆಸರು ಹಿಡಿದು ಕರೆಯುವುದಿಲ್ಲ, ಮಕ್ಕಳ ಹೆಸರು ಸೇರಿಸಿ 'ಉಮ್ಮ್' ಅನ್ನುತ್ತಾರೆ. ಉಮ್ಮ್ ಅಂದರೆ ತಾಯಿ. ಆಕೆ ಉಮ್ಮ್ ಸಾಲಿಂ. ನಾನು ಉಮ್ಮ್ ಸುಜಾತ ಆದೆ.

ಮೊದಲ ದಿನವೇ ಫಜೀತಿ. ಖರ್ಜೂರದ ಜೊತೆ ಖಾವಾ ಕೊಟ್ಟಳು. ಹಾಲಿಲ್ಲದ, ಸಕ್ಕರೆಯಿಲ್ಲದ, ಏಲಕ್ಕಿ ಘಮದ ಕಾಫಿ. ಕಿವಿಯಿಲ್ಲದ ಪುಟ್ಟ ಕಪ್ಪು. ಕುಡಿದೆ, ಮತ್ತೆ ಸುರಿದಳು. ಬೇಡ ಅಂದರೆ ತಪ್ಪು ತಿಳಿದಾಳು ಅಂತ ಕುಡಿದೆ. ಮತ್ತೆ ಸುರಿದಳು. ಎಷ್ಟು ಕುಡಿದೆನೋ, ಹೊಟ್ಟೆ ಡೊಳ್ಳಾಯಿತು. ಕಡೆಗೆ ಆಕೆಯೇ ಸೋತು, "ಯಾ ಉಮ್ಮ್ ಸುಜಾತ, ನನ್ನ ಕೆಟ್ಲಿ ಖಾಲಿ ಮಾಡಿಯೇ ಹೋಗ್ತೀಯಾ? ಸಾಕಾದರೆ ಕಪ್ಪು ಅಲುಗಾಡಿಸಬೇಕು, ಹೀಗೆ" ಅಂತ ಕೈ ಹಿಡಿದು ಅಲ್ಲಾಡಿಸಿ ತೋರಿಸಿದಳು. ಅವಳ ಸೊಸೆಯಂದಿರು ನಕ್ಕಿದ್ದೇ ನಕ್ಕಿದ್ದು. ಆವತ್ತಿನಿಂದ ನನ್ನ ಸಂಜೆಗಳು ಅವಳ ಅಂಗಳದಲ್ಲಿ. ಅವಳು ಕಾವಲಿಯ ಮೇಲೆ ಹಾಳೆಯಂತೆ ತೆಳ್ಳಗೆ ಮಾಡುವ ರೊಟ್ಟಿ ಥೇಟ್ ನಮ್ಮ ಕಡಕ್ ರೊಟ್ಟಿ. ನಾನು ಶೇಂಗಾ ಹಿಂಡಿ, ಅಂದರೆ ಶೇಂಗಾ ಚಟ್ನಿಪುಡಿ, ಒಯ್ದೆ. ಆಮೇಲೆ ಆ ಮನೆಯಲ್ಲಿ ಹಿಂಡಿ ಇಲ್ಲದೆ ರೊಟ್ಟಿ ಮುರಿಯುವವರಿಲ್ಲ.

ಚಳಿ ಶುರುವಾಗುವ ಹೊತ್ತಿಗೆ ಇಂಚರಳ ಶಾಲೆಯಲ್ಲಿ ಅಜ್ಜ ಅಜ್ಜಿಯರ ದಿನ ಬಂತು. ಮಕ್ಕಳು ತಮ್ಮ ಅಜ್ಜಿಯನ್ನೋ ಅಜ್ಜನನ್ನೋ ವೇದಿಕೆಗೆ ಕರೆದುಕೊಂಡು ಹೋಗಿ, ಅವರು ಚಿಕ್ಕಂದಿನಲ್ಲಿ ಕಂಡ ಒಂದು ಸಂಗತಿ ತೋರಿಸಬೇಕು. ಇಂಚರಳ ಪಾಲಿಗೆ ಬಂದದ್ದು ಟಿ.ವಿ.

ಊಟಕ್ಕೆ ಕೂತಾಗ ಕೇಳಿದಳು, "ಅಜ್ಜಿ, ಫಸ್ಟ್ ಟೈಮ್ ಟಿ.ವಿ. ಯಾವಾಗ ನೋಡಿದ್ದು?"

"ಎಪ್ಪತ್ತೈದರ ಸುಮಾರು. ನಾನು ನಿನ್ನಷ್ಟೇ ಇದ್ದೆ."

ಹರೀಶ ತುತ್ತು ಕೈಯಲ್ಲೇ ಹಿಡಿದು ನಕ್ಕ. "ಅತ್ತೆ, ಬೇಜಾರು ಮಾಡ್ಕೋಬೇಡಿ. ನಮ್ಮ ಮೈಸೂರಿಗೇ ಟಿ.ವಿ. ಬಂದಿದ್ದು ಎಂಬತ್ತರ ಮೇಲೆ. ಬೆಂಗಳೂರಲ್ಲೂ ಇರ್ಲಿಲ್ಲ. ನಿಮ್ಮೂರಿಗೆ ಆಗ ಬಸ್ಸಾದ್ರೂ ಬರ್ತಿತ್ತಾ?"

"ಬಸ್ಸು ಬರ್ತಿರಲಿಲ್ಲಪ್ಪ, ಟಿ.ವಿ. ಬಂದಿತ್ತು. ಸಾಲಿ ಮುಂದ ಕೋಳಿ ಗೂಡಿಗೆ ಬಿಗಿಯೋ ತಂತಿ ಬಲಿ ನಿಲ್ಲಿಸಿದ್ರು, ಮುಗಿಲಿನಿಂದ ಚಿತ್ರ ಬರ್ತಿತ್ತು."

"ಕೋಳಿ ಬಲೆಯಿಂದ ಟಿ.ವಿ.!" ಅಂದು ಮತ್ತೂ ನಕ್ಕ. ಕೆಟ್ಟವನಲ್ಲ ನನ್ನ ಅಳಿಯ, ನನಗೆ ಮೊದಲ ಬಿಸಿ ದೋಸೆ ಹಾಕಿಯೇ ತಾನು ತಿನ್ನುವವ. ಆದರೆ ಇಂಚರ ನನ್ನ ಮುಖ ಒಮ್ಮೆ, ಅಪ್ಪನ ಮುಖ ಒಮ್ಮೆ ನೋಡಿದಳು. "ಅಜ್ಜಿ, ಮಿಸ್ ನಂಬಲ್ಲ. ಎಲ್ಲರೂ ನಗ್ತಾರೆ. ನಾನು ಪಪ್ಪಾದು ಸ್ಟೋರಿನೇ ಹೇಳ್ತೀನಿ, ಓಕೆ?"

ಮೂರನೇ ಕ್ಲಾಸಿಗೇ ಸಾಲಿ ಬಿಟ್ಟವಳು ನಾನು. ಈ ಮಗುವಿಗೆ ಹೇಳಿಕೊಡಲು ನನ್ನ ಬಳಿ ಇಂಗ್ಲಿಷಿಲ್ಲ, ಗಣಿತವಿಲ್ಲ. ಕಣ್ಣಾರೆ ಕಂಡದ್ದೊಂದು ಇತ್ತು. ಅದನ್ನೂ ಅವಳು ನಂಬದೆ ಹೋದರೆ ಆ ವೇದಿಕೆಯ ಮೇಲೆ ಮಾತ್ರವಲ್ಲ, ಅವಳ ಪಕ್ಕದಲ್ಲೇ ನನಗೆ ಜಾಗವಿಲ್ಲ ಅನ್ನಿಸಿತು.

ಮರುದಿನ ಉಮ್ಮ್ ಸಾಲಿಂ ಮುಂದೆ ಹೇಳಿಕೊಂಡೆ. ಆಕೆ ನಗಲಿಲ್ಲ. "ನಮಗೂ ಆಗಲೇ ಬಂತು" ಅಂದಳು. ಅವಳ ಅಪ್ಪ ಡಬ್ಬಿಯಂಥ ಸೆಟ್ಟು ತಂದು ಅಂಗಳದಲ್ಲಿಟ್ಟರೆ ಇಡೀ ಓಣಿ ಚಾಪೆ ಹಿಡಿದುಕೊಂಡು ಬರುತ್ತಿತ್ತಂತೆ. ಮೊದಲು ಕುರಾನ್ ಓದು, ಆಮೇಲೆ ಸುದ್ದಿ, ಹಾಡು, ಈಜಿಪ್ತಿನ ನಾಟಕ. ಬಣ್ಣದ ಚಿತ್ರ! ನಮ್ಮದು ಕಪ್ಪು ಬಿಳುಪು. ಸೆಖೆಗಾಲದಲ್ಲಿ ಕಡಲಾಚೆಯ ಊರುಗಳ ಸ್ಟೇಷನ್ನೂ ಸಿಗುತ್ತಿತ್ತಂತೆ, ಮಾಳಿಗೆ ಹತ್ತಿ ಆಂಟೆನಾ ತಿರುಗಿಸುವುದು ಅವಳ ಕೆಲಸ. "ಈಜಿಪ್ತಿನವರ ಮಾತು ನಮಗೆ ಅರ್ಧ ತಿಳೀತಿರಲಿಲ್ಲ. ನಾನೇ ಮಧ್ಯೆ ನಿಂತು ಅಜ್ಜಿಗೆ ಬಲೂಚಿಯಲ್ಲಿ ಹೇಳ್ತಿದ್ದೆ. ಅರ್ಧ ನಾನೇ ಹುಟ್ಟಿಸಿದ್ದು!"

ಅದನ್ನು ಕೇಳಿದ್ದೇ ನನಗೆ ನಮ್ಮ ಟಿ.ವಿ.ಯ ದನಿಯ ಬಗ್ಗೆ ಮರೆತದ್ದೊಂದು ನೆನಪಾಯಿತು. ಅವಳ ಕೋಳಿ ಗೂಡಿನ ಹಿಂದೆ ಉಳಿದ ಬಲೆಯ ಸುರುಳಿ ಬಿದ್ದಿತ್ತು. "ಇದು ಕೊಡ್ತೀಯಾ?" ಅಂದೆ.

ಸಂಜೆ ಇಂಚರ ಬರುವಷ್ಟರಲ್ಲಿ ನಾವಿಬ್ಬರೂ ಅಂಗಳದಲ್ಲಿ ಖರ್ಜೂರದ ಗರಿಯ ದಿಂಡು ಬಗ್ಗಿಸಿ, ಅದಕ್ಕೆ ಬಲೆ ಬಿಗಿಯುತ್ತಿದ್ದೆವು. "ವಾಟ್ ಈಸ್ ದಿಸ್ ಅಜ್ಜಿ, ಉಲ್ಟಾ ಛತ್ರಿ?"

"ಹಿಡಿ ಈ ತುದಿ. ಹಿಡಿದರ ಹೇಳ್ತೀನಿ."

ಹಿಡಿದಳು. ನಾನು ಹೇಳಿದೆ. ಸರಕಾರದವರು ಲಾರಿಯಲ್ಲಿ ಬಂದು ಸಾಲಿಯ ಮುಂದೆ ಇಂಥದ್ದೇ, ಇದಕ್ಕಿಂತ ಬಹಳ ದೊಡ್ಡದು ನಿಲ್ಲಿಸಿದ್ದು. ನಮ್ಮವ್ವ ಹೋಗಿ, "ಕೋಳಿ ಯಾವಾಗ ಬಿಡ್ತೀರಿ ಸಾಹೇಬ್ರ?" ಅಂತ ಕೇಳಿದ್ದು. ಮಾಸ್ತರು ಟಿ.ವಿ. ಪೆಟ್ಟಿಗೆಯ ಬಾಗಿಲು ತೆರೆಯುತ್ತಲೇ ಊರೆಲ್ಲ ಗಪ್ಪಾಗುತ್ತಿದ್ದದ್ದು. ಒಕ್ಕಲುತನ, ಕೂಸಿನ ಆರೈಕೆ, ಗೊಂಬೆಯಾಟ, ಹಾಡು. ತಮ್ಮನನ್ನು ಸೊಂಟದ ಮೇಲಿಟ್ಟುಕೊಂಡು ನಾನೂ ಹೋಗಿ ಮುಂದೆ ಕೂಡುತ್ತಿದ್ದೆ. ಸಾಲಿ ಬಿಟ್ಟ ಹುಡುಗಿ ಮತ್ತೆ ಸಾಲಿಯೊಳಗೆ ಕೂತದ್ದು ಹಾಗೆ. ನೆಲಹಾಸಿನ ಮೇಲೆ, ಎಲ್ಲರಿಗಿಂತ ಮುಂದೆ.

"ಆದರ ಒಂದು ತಮಾಷಿ ಇತ್ತು. ನಮಗೂ ಆಂಧ್ರದವರಿಗೂ ಒಂದೇ ಚಿತ್ರ. ದನಿ ಮಾತ್ರ ಎರಡು ಬರ್ತಿದ್ವು, ಕನ್ನಡದ್ದೊಂದು, ತೆಲುಗಿನದೊಂದು. ಚಿತ್ರದಾಗಿನ ರೈತನ ಬಾಯಿ ತೆಲುಗು ಆಡ್ತಿತ್ತು, ನಮ್ಮ ಕಿವಿಗೆ ಕನ್ನಡ ಬೀಳ್ತಿತ್ತು. ಒಮ್ಮೆ ಮಾಸ್ತರು ಗುಂಡಿ ತಪ್ಪಿ ತಿರುವಿದರು, ರೈತ ತೆಲುಗಿನಾಗ ಬೈದಂಗಾತು! ನಮ್ಮಪ್ಪ, 'ಅಲಾ ಇವನ, ನಿನ್ನೆ ತನಕ ನಮ್ಮವನಾಗಿದ್ದಲ್ಲೋ!' ಅಂದ."

ಇಂಚರ ನಗಲಿಲ್ಲ. ಕಣ್ಣು ಅಗಲ ಮಾಡಿ, "ಹೌ? ತೋರಿಸು" ಅಂದಳು.

ಒಳಗೆ ಉಮ್ಮ್ ಸಾಲಿಂ ಮನೆಯ ಟಿ.ವಿ.ಯಲ್ಲಿ, ಅವರ ರಾಷ್ಟ್ರೀಯ ಹಬ್ಬದ ದಿನಗಳಾದ್ದರಿಂದ, ಇಲ್ಲಿನ ಚಾನೆಲ್ ಎಪ್ಪತ್ತರ ದಶಕದ ಹಳೆಯ ತುಣುಕುಗಳನ್ನು ಹಾಕುತ್ತಿತ್ತು. ಒಬ್ಬ ಮೀನುಗಾರ ಬಲೆ ಎಳೆಯುತ್ತಾ ಏನೋ ಹೇಳುತ್ತಿದ್ದ. ನಾನು ಸೌಂಡು ಬಂದ್ ಮಾಡಿಸಿದೆ. ಮೀನುಗಾರನ ಬಾಯಿ ಆಡಿತು, ನಾನು ಶುರು ಮಾಡಿದೆ: "ಅಣ್ಣಾರ, ಅಕ್ಕಾರ, ಮುಂಜಾನಿಂದ ಬಲಿ ಎಳೀತೀನಿ, ಮೀನು ನನ್ನ ನೋಡಿ ನಗಾಕತ್ಯಾವ!" ಉಮ್ಮ್ ಸಾಲಿಂ ಬಿಡುತ್ತಾಳೆಯೇ? ಅರಬಿಯಲ್ಲಿ ಗಂಡು ದನಿ ತೆಗೆದು ಅದೇ ಮೀನುಗಾರನಿಗೆ ಹೆಂಡತಿಯ ಕಾಟದ ಕಥೆ ಹೇಳಿಸಿದಳು. ಇಂಚರ ನೆಲದ ಮೇಲೆ ಉರುಳಾಡಿ ನಕ್ಕಳು. ಆಮೇಲೆ ಎದ್ದು ಕೂತು ಹೇಳಿದಳು, "ಅಜ್ಜಿ, ಸ್ಟೇಜ್ ಮೇಲೆ ಇದನ್ನೇ ಮಾಡೋಣ. ನೀವಿಬ್ಬರೂ."

ಒಂದೆರಡು ದಿನ ಬಿಟ್ಟು ಹರೀಶ ಮೊಬೈಲು ಹಿಡಿದುಕೊಂಡು ಬಂದ. ಮುಖ ಸಣ್ಣದಾಗಿತ್ತು. "ಅತ್ತೆ, ಹುಡುಕಿ ನೋಡ್ದೆ. ನೀವು ಹೇಳಿದ್ದು ಅಕ್ಷರಶಃ ನಿಜ. ಆ ಕಾಲದಲ್ಲಿ ರಾಯಚೂರು ಕಡೆ ಹಳ್ಳಿಗಳಿಗೆ ಉಪಗ್ರಹದಿಂದ ಟಿ.ವಿ. ಬಂದಿತ್ತಂತೆ. ಕೋಳಿ ಬಲೆ ಆಂಟೆನಾನೇ! ಇಂಚು, ನೋಡಮ್ಮ ಇಲ್ಲಿ."

ಇಂಚರ ಬಲೆಗೆ ಬೆಳ್ಳಿ ಬಣ್ಣ ಬಳಿಯುತ್ತಿದ್ದಳು. ತಲೆ ಎತ್ತಲೇ ಇಲ್ಲ. "ನಂಗೊತ್ತು ಪಪ್ಪಾ. ಅಜ್ಜಿ ಹೇಳಿದ್ಲಲ್ಲ."

ಒಂದು ಇಂಗ್ಲಿಷ್ ಮಾತೂ ಬೆರೆಸದ ಕನ್ನಡ! ನಾನು ಸೆರಗಿನಿಂದ ಮುಖ ಒರೆಸಿಕೊಂಡು ಅಡುಗೆ ಮನೆಗೆ ಹೋದೆ.

ಶಾಲೆಯ ದಿನ ಉಮ್ಮ್ ಸಾಲಿಂ ಕಸೂತಿಯ ಬಲೂಚಿ ಅಂಗಿ ತೊಟ್ಟು ಬಂದಳು, ನಾನು ಇಳಕಲ್ ಸೀರೆ. ಇಂಚರ ಬಲೆಯ ಛತ್ರಿಯ ಪಕ್ಕ ನಿಂತು ಇಂಗ್ಲಿಷಿನಲ್ಲಿ ಎಲ್ಲ ಹೇಳಿ, ಪರದೆಯ ಮೇಲಿನ ಮೀನುಗಾರನ ದನಿ ನಿಲ್ಲಿಸಿ, ನಮ್ಮ ಕಡೆ ಕೈ ತೋರಿಸಿದಳು. ನನ್ನ ಕನ್ನಡಕ್ಕೆ ಒಂದು ಮೂಲೆಯಿಂದ ನಗು ಎದ್ದಿತು, ನಮ್ಮ ಕರಾವಳಿಯ ಮಂದಿ ಅಲ್ಲಿದ್ದರು. ಉಮ್ಮ್ ಸಾಲಿಂಳ ಅರಬಿಗೆ ಇನ್ನೊಂದು ಮೂಲೆಯಿಂದ. ಯಾರೋ ಹಿಂದಿನಿಂದ ತುಳುವಿನಲ್ಲಿ "ಎಡ್ಡೆ ಉಂಡು!" ಅಂತ ಕೂಗಿದರು, ಚೆನ್ನಾಗಿದೆ ಅಂತ. ಕಡೆಗೆ ಇಂಚರ ಮೈಕು ಹಿಡಿದು, "ದಿಸ್ ಈಸ್ ಮೈ ಅಜ್ಜಿ. ಮೈಸೂರಿಗಿಂತ ಮುಂಚೆ ಟಿ.ವಿ. ನೋಡಿದವಳು" ಅಂದಳು. ಹರೀಶನೇ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ಹೊಡೆದ. ಮೂರನೇ ಕ್ಲಾಸಿಗೆ ಬಿಟ್ಟವಳು ಸಾಲಿಯ ವೇದಿಕೆ ಹತ್ತಿದ್ದು ಆವತ್ತೇ ಮೊದಲು. ಹಿಗ್ಗು ಎಷ್ಟೆಂದು ಹೇಳಲಿ, ಮನೆಗೆ ಬಂದು ಕೂತರೂ ಕಾಲು ನೆಲಕ್ಕೆ ತಾಗುತ್ತಿರಲಿಲ್ಲ.

ಒಂದು ಮಾತು ಮಾತ್ರ ವೇದಿಕೆಯಲ್ಲಿ ಹೇಳಲಿಲ್ಲ. ಉಮ್ಮ್ ಸಾಲಿಂಳ ಟಿ.ವಿ. ಬಂದದ್ದು ಉಳಿಯಿತು. ನಮ್ಮದು ಒಂದು ವರ್ಷಕ್ಕೇ ನಿಂತಿತು. ಮುಗಿಲಿನಲ್ಲಿದ್ದದ್ದು ಬೇರೆ ಕಡೆ ಹೋಯಿತು ಅಂದರು ಮಾಸ್ತರು. ಆಮೇಲೆ ಗುಲ್ಬರ್ಗಾ ಕಡೆ ಟಿ.ವಿ. ಕಂಬ ಹಾಕಿದರಂತೆ, ನಮ್ಮೂರಿಗೆ ಅದರ ಚಿತ್ರ ಮುಟ್ಟಲಿಲ್ಲ. ನಾನು ಕೆಲವು ಸಂಜೆ ಸುಮ್ಮನೆ ಹೋಗಿ ಮುಚ್ಚಿದ ಪೆಟ್ಟಿಗೆಯ ಮುಂದೆ ಕೂತು ಬಂದೆ.

ಮೊನ್ನೆ ತಮ್ಮನ ಮಗಳ ಮದುವೆಗೆ ಊರಿಗೆ ಹೋಗಿದ್ದೆ. ಚಹಾ ಕುಡಿದು ಕಪ್ಪು ಅಲುಗಾಡಿಸಿದರೆ ತಮ್ಮನ ಹೆಂಡತಿ, "ಯಾಕ್ ಅಕ್ಕಾ, ಇರುವಿ ಬಿದ್ದಾವೇನು?" ಅಂದಳು. ಮುಂಜಾನೆ ಬಚ್ಚಲಲ್ಲಿ ಯಾವ ನಲ್ಲಿ ತಿರುಗಿಸಲಿ ಅಂತ ಒಂದು ಗಳಿಗೆ ನಿಂತೆ. ಇದ್ದದ್ದೇ ಒಂದು ನಲ್ಲಿ.

ಆ ಸಂಜೆ ಹಳೆಯ ಸಾಲಿಯ ಮುಂದೆ ನಿಂತು ಸೀಬ್‌ಗೆ ವಿಡಿಯೋ ಕಾಲ್ ಮಾಡಿದೆ. ಇಂಚರ ಉಮ್ಮ್ ಸಾಲಿಂಳ ಪಕ್ಕ ಕೂತಿದ್ದಳು. ಬಲೆ ನಿಂತಿದ್ದ ಜಾಗ, ನೆಲಹಾಸು ಹಾಸುತ್ತಿದ್ದ ಪಡಸಾಲೆ ತೋರಿಸಲು ಹೊರಟೆ.

"ಅಜ್ಜಿ, ನೀನು ಮಾತಾಡಬೇಡ. ಬರೀ ತೋರಿಸು. ನಾವು ಹೇಳ್ತೀವಿ."

ನಾನು ಬಾಯಿ ಮುಚ್ಚಿ ಫೋನು ತಿರುಗಿಸುತ್ತಾ ಹೋದೆ. ಕೈಯೊಳಗಿನಿಂದ ಎರಡು ದನಿ ಬಂದವು. ಒಂದು ಅರಬಿ, ನನಗೆ ಅಲ್ಲೊಂದು ಇಲ್ಲೊಂದು ಮಾತು ತಿಳಿಯುವಂಥದ್ದು. ಇನ್ನೊಂದು ಕನ್ನಡ, ತಡವರಿಸುತ್ತಾ, ನನ್ನದೇ ರಾಗದಲ್ಲಿ: "ಅಣ್ಣಾರ, ಅಕ್ಕಾರ, ಇಲ್ಲಿ ನಮ್ಮಜ್ಜಿ ಕೂಡ್ತಿದ್ದಳು. ಎಲ್ಲರಿಗಿಂತ ಮುಂದ."