ಕಡೇ ಗೀಟು ಉದ್ದ

ರಿಪೀಟರ್ ಎಂದರೇನು ಎಂದು ನನ್ನ ಹೆಂಡತಿಗೆ ತಿಳಿಸಿ ಹೇಳಲು ಒಂದು ಇಡೀ ಭಾನುವಾರ ಕಳೆದಿದ್ದೆ. ಕಾಗದದ ಮೇಲೆ ಗುಡ್ಡ ಬರೆದೆ, ಗುಡ್ಡದ ಮೇಲೆ ಕಂಬ ಬರೆದೆ, ಈ ಕಡೆ ಬೈಲಹೊಂಗಲ, ಆ ಕಡೆ ರಾಮದುರ್ಗ. ನಮ್ಮ ಕೈಯಲ್ಲಿ ಹಿಡಿಯುವ ಸಣ್ಣ ರೇಡಿಯೋ ಸೆಟ್ಟಿನ ದನಿ ಹತ್ತಿರದ ನೇಸರಗಿ ಮುಟ್ಟುವುದೇ ಕಷ್ಟ. ಗುಡ್ಡದ ಮೇಲಿನ ಯಂತ್ರ ಅದನ್ನು ಒಂದು ತರಂಗದಲ್ಲಿ ಕೇಳಿಸಿಕೊಂಡು, ಅದೇ ಕ್ಷಣಕ್ಕೆ ಇನ್ನೊಂದು ತರಂಗದಲ್ಲಿ ಜೋರಾಗಿ ಒದರುತ್ತದೆ, ಆಗ ಸುತ್ತಲಿನ ನಾಲ್ಕೂ ತಾಲೂಕಿಗೆ ಕೇಳುತ್ತದೆ ಎಂದೆ. ಅವಳು ಮೆಂತ್ಯದ ಸೊಪ್ಪು ಬಿಡಿಸುತ್ತಾ ಕೇಳಿಸಿಕೊಂಡಳು.

"ಅಂದ್ರ ನಮ್ಮ ಓಣಿ ಮೂಲಿಮನಿ ಕಾಕೂ ಇದ್ದಂಗ ಅನ್ರಿ," ಎಂದಳು. "ಒಂದ್ ಕಿವಿಲೆ ಕೇಳೂದು, ಅದ ಗಳಿಗಿಗೆ ಊರಿಗೆಲ್ಲಾ ಹೇಳೂದು. ಇದಕ್ಕ ಗುಡ್ಡ ಯಾಕ ಬೇಕಾಗಿತ್ತು?"

ರಿಪೀಟರನ್ನು ಇದಕ್ಕಿಂತ ಚೆನ್ನಾಗಿ ಯಾರೂ ವಿವರಿಸಿದ್ದನ್ನು ನಾನು ಕೇಳಿಲ್ಲ. ಆದರೆ ಆವತ್ತು ಸಿಟ್ಟು ಬಂದು ಕಾಗದ ಮುದುಡಿ ಎಸೆದೆ. ನನ್ನ ಸಿಟ್ಟು ಯಾವಾಗಲೂ ಮೂಗಿನ ತುದಿಯಲ್ಲೇ ಇರುತ್ತದೆ. ಈ ಸಿಟ್ಟಿನ ಕೈಗೆ ಸಿಕ್ಕೇ ಒಬ್ಬ ಗೆಳೆಯನನ್ನು ಕಳೆದುಕೊಳ್ಳುವುದರಲ್ಲಿದ್ದೆ. ಅವನ ಮಾತೇ ಇಲ್ಲಿ ಮುಖ್ಯ, ರೇಡಿಯೋ ನೆಪ.

ನಾನು ಬೈಲಹೊಂಗಲದ ಬಸ್ ಡಿಪೋದಲ್ಲಿ ಎಲೆಕ್ಟ್ರಿಷಿಯನ್. ಅವನು ರಾಮದುರ್ಗದ ಬಜಾರದಲ್ಲಿ ಗಡಿಯಾರ ರಿಪೇರಿ ಮಾಡುವವನು. ನನಗಿಂತ ನಾಲ್ಕು ವರ್ಷ ಹಿರಿಯ. ನಾನು ಅವನನ್ನು ಭಾಯಿ ಎನ್ನುತ್ತಿದ್ದೆ, ಅವನು ನನ್ನನ್ನು ದೋಸ್ತ ಎನ್ನುತ್ತಿದ್ದ. ನಮ್ಮಿಬ್ಬರನ್ನು ಕೂಡಿಸಿದವರು ಕಿತ್ತೂರಿನ ಅಕ್ಕಾರು. ಹಿಂದೆ ಅಂಚೆಕಚೇರಿಯಲ್ಲಿ ತಾರು ಕಳಿಸುವ ಕೆಲಸದಲ್ಲಿದ್ದು ನಿವೃತ್ತರಾದವರು. ಹವ್ಯಾಸಿ ರೇಡಿಯೋ ಲೈಸೆನ್ಸಿನ ಪರೀಕ್ಷೆಗೆ ಕೂರಬೇಕೆಂದು ಹೊರಟಾಗ ಇಬ್ಬರೂ ಅವರ ಪಡಸಾಲೆಯಲ್ಲಿ ಕೂತು ಚುಕ್ಕಿ-ಗೀಟಿನ ಮೋರ್ಸ್ ಕೋಡ್ ಕಲಿತೆವು. ಅಕ್ಕಾರು ಗೋಡೆಗೆ ಒರಗಿ ಕಣ್ಣು ಮುಚ್ಚಿಕೊಳ್ಳುತ್ತಿದ್ದರು. ಕೀಲಿ ಒತ್ತುತ್ತಿರುವವರು ಯಾರೆಂದು ನೋಡದೆಯೇ ಹೇಳುತ್ತಿದ್ದರು.

"ಅಕ್ಷರಕ್ಕ ಕೈಬರಹ ಇದ್ದಂಗ ಕೋಡಿಗೂ ಒಂದ್ ಕೈ ಇರತೈತಿ ತಮ್ಮಾ. ನಿಂದು ಬಸ್ ತಪ್ಪಿಸಿಕೊಂಡಾವ್ರು ಓಡಿದಂಗ. ಇವಂದ ಕೇಳು, ಕಡೀ ಗೀಟು ಒಂದೀಟು ಉದ್ದ. ಎದ್ದು ಹೋಗಾಕ ಮನಸ್ಸಿಲ್ಲದಾಂವ ಬಾಗಲದಾಗ ನಿಂತಂಗ."

ಭಾಯಿ ಅದನ್ನು ತಿದ್ದಿಕೊಳ್ಳಲು ಎಷ್ಟೋ ಸಲ ನೋಡಿದ. ಆಗಲಿಲ್ಲ.

ಪರೀಕ್ಷೆ ಪಾಸಾದ ಮೇಲೆ ನಮ್ಮ ತಲೆಯಲ್ಲಿ ಈ ರಿಪೀಟರ್ ಹುಳ ಹೊಕ್ಕಿತು. ಸವದತ್ತಿಯ ಆಚೆ ಗುಡ್ಡದ ಮೇಲೆ ಪರಿಚಯದವರೊಬ್ಬರ ಹೊಲದ ಅಂಚಿಗೆ ಒಂದು ಕಲ್ಲಿನ ಕೋಣೆ ಖಾಲಿ ಬಿದ್ದಿತ್ತು. ಪರವಾನಗಿಯ ಕಾಗದಕ್ಕಾಗಿ ಕಾಯುತ್ತಲೇ ಸಾಮಾನು ಕೂಡಿಸತೊಡಗಿದೆವು. ಹುಬ್ಬಳ್ಳಿಯ ಗುಜರಿಯಲ್ಲಿ ಹಿಂದೆ ಟ್ಯಾಕ್ಸಿಗಳಲ್ಲಿದ್ದ ಎರಡು ಹಳೇ ಸೆಟ್ ಸಿಕ್ಕವು. ಒಂದು ಕಿವಿ, ಒಂದು ಬಾಯಿ. ಎರಡನ್ನೂ ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಬರುವಾಗ ನಮಗಾದ ಸಂತೋಷ ಹೊಸ ಮಗುವನ್ನು ಮನೆಗೆ ತರುವಾಗಲೂ ಆಗಿರಲಿಕ್ಕಿಲ್ಲ. ಇದನ್ನು ನನ್ನ ಹೆಂಡತಿ ಓದುವುದಿಲ್ಲ ಎಂಬ ಧೈರ್ಯದಲ್ಲಿ ಬರೆಯುತ್ತಿದ್ದೇನೆ.

ಕಷ್ಟವಿರುವುದು ಕಿವಿ ಬಾಯಿ ಎರಡೂ ಒಂದೇ ಕಡೆ ಇರುವುದರಲ್ಲಿ. ಯಂತ್ರ ತಾನೇ ಒದರುವ ಸದ್ದಿಗೆ ತನ್ನ ಕಿವಿಯೇ ಕಿವುಡಾಗುತ್ತದೆ. ಅದಕ್ಕಾಗಿ ಎರಡರ ನಡುವೆ ಲೋಹದ ಕೊಳವೆಗಳನ್ನು ಕೂರಿಸಿ, ಒಳಗೊಂದು ಸರಳನ್ನು ಕೂದಲೆಳೆಯಷ್ಟು ಹಿಂದೆಮುಂದೆ ಸರಿಸಿ, ಬೇಕಾದ ದನಿ ಮಾತ್ರ ದಾಟುವಂತೆ ಮಾಡಬೇಕು. ಕೊಂಡು ತರುವುದು ನಮ್ಮ ಕೈಲಾಗದ ಮಾತು. ಭಾಯಿ ತನ್ನ ಅಂಗಡಿಯ ಹಿಂದಿನ ಓಣಿಯಲ್ಲಿ ತಾಮ್ರದ ಕೊಡ, ಹಂಡೆ ಬಡಿಯುವ ಮುದುಕನ ಹತ್ತಿರ ಕರೆದೊಯ್ದ. ಆರು ಕೊಳವೆ, ಒಳಮೈ ಕನ್ನಡಿಯಂತಿರಬೇಕು ಎಂದೆವು.

"ಇದರಾಗ ನೀರು ತುಂಬತೀರೇನ್ರಿ?" ಎಂದ ಮುದುಕ.

"ಇಲ್ಲ ಕಾಕಾ."

"ಹಾಲು?"

"ಏನೂ ಇಲ್ಲ. ಖಾಲೀನ ಇರತಾವ."

"ಖಾಲಿ ಇಡೂದಕ್ಕ ಇಷ್ಟ್ ಕಟಾಪಟಿ ಯಾಕ್ರೀ ಮತ್ತ?"

ಭಾಯಿ ಬಹಳ ಗಂಭೀರನಾಗಿ, "ಇದರಾಗ ದನಿ ತುಂಬತೇವಿ ಕಾಕಾ. ಒಂದ್ ಹನಿ ನೀರ ಬಿದ್ರೂ ಎಲ್ಲಾ ಕೆಡತೈತಿ," ಎಂದ. ಮುದುಕ ಅದನ್ನು ಬಜಾರದ ತುಂಬ ಹೇಳಿಕೊಂಡು ನಕ್ಕ. ಕೊಳವೆ ಮಾತ್ರ ಅಚ್ಚುಕಟ್ಟಾಗಿ ಮಾಡಿಕೊಟ್ಟ.

ಆ ವರ್ಷದ ಭಾನುವಾರಗಳೆಲ್ಲ ಗುಡ್ಡದಲ್ಲೇ ಕಳೆದವು. ನಾನು ಬ್ಯಾಟರಿ, ಸೋಲಾರ್ ತಗಡು, ಕಂಬ ನೋಡಿಕೊಂಡೆ. ಕೇಬಲ್ಲಿನ ತುದಿಗಳ ಬೆಸುಗೆಯೆಲ್ಲ ಅವನದು. ಕಣ್ಣಿಗೆ ಗಡಿಯಾರದವರ ಭೂತಗನ್ನಡಿ ಸಿಕ್ಕಿಸಿಕೊಂಡು, ಉಸಿರು ಹಿಡಿದು, ಸಾಸಿವೆ ಕಾಳಿನಷ್ಟು ಬೆಸುಗೆ ಇಡುತ್ತಿದ್ದ. ಮಧ್ಯಾಹ್ನ ಬಂಡೆಯ ನೆರಳಿನಲ್ಲಿ ನಮ್ಮ ಮನೆಯ ಜೋಳದ ರೊಟ್ಟಿ, ಅವರ ಮನೆಯ ಶೇಂಗಾ ಚಟ್ನಿ ಬಿಚ್ಚಿಕೊಂಡು ಕೂರುತ್ತಿದ್ದೆವು. ಯಂತ್ರ ಮೊದಲ ಸಲ ಬಾಯಿ ಬಿಟ್ಟು, ಕಿತ್ತೂರಿನಿಂದ ಅಕ್ಕಾರ ದನಿ ಆ ಕೋಣೆಯಲ್ಲಿ ಕೇಳಿದಾಗ ನಾನು ಅತ್ತುಬಿಟ್ಟೆ. ಭಾಯಿ ನನ್ನ ಬೆನ್ನ ಮೇಲೆ ಒಂದು ಗುದ್ದು ಕೊಟ್ಟ.

ರಿಪೀಟರ್ ಹತ್ತು ನಿಮಿಷಕ್ಕೊಮ್ಮೆ ತನ್ನ ಗುರುತನ್ನು ಕೋಡಿನಲ್ಲಿ ತಾನೇ ಹೇಳಿಕೊಳ್ಳಬೇಕು. ಎಲ್ಲರೂ ಅದನ್ನು ಕಂಪ್ಯೂಟರಿನಿಂದ ಮಾಡಿಸುತ್ತಾರೆ. ನಾವು ಭಾಯಿಯ ಕೈಯಿಂದಲೇ ಕೀಲಿ ಒತ್ತಿಸಿ ಅದನ್ನು ರೆಕಾರ್ಡ್ ಮಾಡಿ ಯಂತ್ರದಲ್ಲಿಟ್ಟೆವು. ಹಾಗಾಗಿ ನಾಲ್ಕು ತಾಲೂಕಿನ ಆಕಾಶದಲ್ಲಿ ಹತ್ತು ನಿಮಿಷಕ್ಕೊಮ್ಮೆ ಅವನ ಕೈ, ಕಡೇ ಗೀಟು ಉದ್ದ. ದಿನಾ ಸಂಜೆ ಆರಕ್ಕೆ ಎಲ್ಲರೂ ಹಾಜರಿ ಹೇಳುವುದು, ಸವದತ್ತಿಯಲ್ಲಿ ಮಳೆ ಬಂತೋ ಇಲ್ಲವೋ, ಅಕ್ಕಾರ ಮೊಣಕಾಲು ಹೇಗಿದೆ, ಇಷ್ಟೇ ಮಾತು. ಏಳುವಾಗ 'ಎಪ್ಪತ್ಮೂರು' ಎನ್ನುವುದು ನಮ್ಮವರ ಪದ್ಧತಿ. ನಮಸ್ಕಾರ, ಒಳ್ಳೆಯದಾಗಲಿ ಎಂದು ಅರ್ಥ. ಫೋನ್ ಇಲ್ಲವೇ ಎಂದು ಕೇಳುವವರಿಗೆ ನಾನು ಉತ್ತರ ಕೊಡುವುದನ್ನು ಬಿಟ್ಟಿದ್ದೇನೆ.

ದಸರೆಯ ಖಂಡೇನವಮಿ ಬಂತು. ಡಿಪೋದಲ್ಲಿ ಆ ದಿನ ಒಂದೊಂದು ಬಸ್ಸಿಗೂ ಪೂಜೆ. ನಮ್ಮ ಯಂತ್ರಕ್ಕೂ ಆಗಬೇಕೆಂದು ಭಾಯಿಯನ್ನು ಕರೆದೆ. ಅವನು ರಾಮದುರ್ಗದಿಂದ ಒಂದು ಚೀಲ ಚೆಂಡು ಹೂ ತಂದ. ಕೊಳವೆಗಳಿಗೆ ವಿಭೂತಿ, ಕುಂಕುಮ ಹಚ್ಚಿ, ಹೂ ಏರಿಸಿ, ಕಾಯಿ ಒಡೆದು, ಡಿಪೋದಲ್ಲಿ ಬಸ್ಸಿನ ಮೂತಿಗೆ ಮಾಡುವ ಹಾಗೆ ಕಾಯಿಯ ನೀರನ್ನು ಸುತ್ತಲೂ ಚಿಮುಕಿಸಿದೆ. ಇಬ್ಬರೂ ಕೊಬ್ಬರಿ ಬೆಲ್ಲ ತಿಂದು ಗುಡ್ಡ ಇಳಿದೆವು.

ದೀಪಾವಳಿಯ ಹೊತ್ತಿಗೆ ರಾಮದುರ್ಗದ ದನಿಯಲ್ಲಿ ಗರಗರ ಶುರುವಾಯಿತು. ಆಮೇಲೆ ಕಿತ್ತೂರು ಪೂರಾ ನಿಂತಿತು. ಅಕ್ಕಾರು ಕರೆದರೆ ಯಂತ್ರಕ್ಕೆ ಕೇಳುತ್ತಲೇ ಇರಲಿಲ್ಲ. ಗುಡ್ಡಕ್ಕೆ ಹೋಗಿ ನೋಡಿದೆವು: ಒದರುವುದನ್ನು ನಿಲ್ಲಿಸಿದರೆ ಕಿವಿ ಚುರುಕು, ಒದರಲು ಹಚ್ಚಿದರೆ ಕಿವುಡು. ಎಲ್ಲೋ ಒಂದು ಜೋಡಣೆ ಕೆಟ್ಟಿದೆ. ನಾಲ್ಕು ಭಾನುವಾರ ಹುಡುಕಿದರೂ ಸಿಗಲಿಲ್ಲ. ಭಾಯಿ ಆ ದಿನಗಳಲ್ಲಿ ಮಾತು ಕಡಿಮೆ ಮಾಡಿದ್ದ. ಎರಡು ಸಲ ಏನೋ ಹೇಳಲು ಬಂದು ಸುಮ್ಮನಾದ. ಅದನ್ನು ನಾನು ಅವನ ಅಳುಕು ಎಂದು ತಿಳಿದೆ.

ಒಂದು ಸಂಜೆ ಹಾಜರಿಯಲ್ಲಿ ಮತ್ತೆ ಗರಗರ ಎಂದಾಗ ನನ್ನ ತಾಳ್ಮೆ ಹಾರಿತು. ಮೈಕು ಒತ್ತಿ ಎಲ್ಲರಿಗೂ ಕೇಳುವಂತೆ ಹೇಳಿದೆ. "ಬೆಸುಗಿ ನಿಂದ ಕೆಟ್ಟೈತಿ ಭಾಯಿ. ಕೈ ನಡಗಾಕ ಹತ್ಯಾವ ನಿಂದು. ಕಣ್ಣೂ ಮಂದ ಆಗ್ಯಾವ. ಒಪ್ಪಿಕೊಂಡ್ರ ಮುಗೀತು."

ತಿಂಗಳಿಂದ ಅರ್ಧ ಮಾತು ನುಂಗುತ್ತಿದ್ದ ಯಂತ್ರ ಆವತ್ತು ಇದನ್ನು ಒಂದಕ್ಷರ ಬಿಡದೆ ದಾಟಿಸಿತು.

"ಅಂಗಡ್ಯಾಗ ಗಿರಾಕಿ ಅದಾರ ದೋಸ್ತ," ಎಂದ ಅವನು. ಅಷ್ಟೇ. ಎಪ್ಪತ್ಮೂರು ಎನ್ನಲಿಲ್ಲ. ಗಡಿಯಾರ ರಿಪೇರಿಯವನ ಮೇಜಿನ ಮೇಲಿನ ರೇಡಿಯೋದಲ್ಲಿ, ಅವನ ಗಿರಾಕಿಗಳ ಎದುರಿಗೆ, ಅವನ ಕೈ ನಡುಗುತ್ತದೆಂದು ನಾನು ಸಾರಿದ್ದೆ.

ಮರುದಿನದಿಂದ ಅವನು ಹಾಜರಿಗೆ ಬರಲಿಲ್ಲ. ಫೋನ್ ಮಾಡಬಹುದಿತ್ತು, ತಪ್ಪು ಅವನದೇ ಎಂದು ನಂಬಿದವನು ಯಾಕೆ ಮಾಡಲಿ? ಹಟಕ್ಕೆ ಬಿದ್ದು ಒಬ್ಬನೇ ಗುಡ್ಡ ಹತ್ತಿ ಕೈಗೆ ಸಿಕ್ಕ ಅವನ ಬೆಸುಗೆಗಳನ್ನೆಲ್ಲ ಕತ್ತರಿಸಿ ನಾನೇ ಹೊಸದಾಗಿ ಹಾಕಿದೆ. ಅಷ್ಟಕ್ಕೂ ನಿಲ್ಲದೆ, ಅವನ ಕೈಯ ಗುರುತನ್ನು ತೆಗೆದು ಕಂಪ್ಯೂಟರಿನದನ್ನು ಕೂರಿಸಿದೆ. ಚುಕ್ಕಿಗಳೆಲ್ಲ ಒಂದಳತೆ, ಗೀಟುಗಳೆಲ್ಲ ಒಂದಳತೆ. ಕಿವುಡು ಹಾಗೇ ಇತ್ತು.

ಅಕ್ಕಾರಿಗೆ ಯಂತ್ರ ಒದರಿದ್ದು ಕೇಳುತ್ತಿತ್ತು, ಅವರು ಕರೆದದ್ದು ಅದಕ್ಕೆ ಕೇಳುತ್ತಿರಲಿಲ್ಲ. ಹಾಗಾಗಿ ಫೋನೇ ಮಾಡಿದರು. "ಇದು ಯಾರ ಕೈ ತಮ್ಮಾ?"

"ಕಂಪ್ಯೂಟರಿಂದ್ರಿ ಅಕ್ಕಾರ."

"ಹೌದ? ಅದಕ್ಕ, ಯಾರೂ ಇಲ್ಲದ ಮನ್ಯಾಗ ಗಡಿಯಾರ ಬಡದಂಗ ಕೇಳತೈತಿ," ಎಂದು ಫೋನ್ ಇಟ್ಟರು.

ಯುಗಾದಿಗೆ ಮುಂಚೆ ಒಂದು ಭಾನುವಾರ, ಸೋತು, ಎಲ್ಲವನ್ನೂ ಬಿಚ್ಚಿ ಮನೆಗೆ ಒಯ್ಯೋಣವೆಂದು ಹೋದೆ. ಆಗ ಕಣ್ಣಿಗೆ ಬಿದ್ದದ್ದು ಒಂದೇ ಒಂದು ಜೋಡಣೆ: ಕಂಬದಿಂದ ಬಂದ ಕೇಬಲ್ಲು ಕೊಳವೆಗೆ ಸೇರುವ ತಿರುಪು. ಇಷ್ಟು ತಿಂಗಳು ನಾನು ಅದೊಂದನ್ನು ಬಿಚ್ಚಿಯೇ ಇರಲಿಲ್ಲ. ಅದರ ಮೇಲೆ ಖಂಡೇನವಮಿಯ ಕುಂಕುಮ ಇತ್ತು, ಒಣಗಿದ ಚೆಂಡು ಹೂ ಇತ್ತು. ಪೂಜೆ ಮಾಡಿದ್ದನ್ನು ಕದಲಿಸಬಾರದೆಂದು ಯಾರೂ ಹೇಳಿರಲಿಲ್ಲ, ನಾನೂ ಹಾಗೆ ಯೋಚಿಸಿರಲಿಲ್ಲ. ಕೈ ಅತ್ತ ಹೋಗಿರಲಿಲ್ಲ, ಅಷ್ಟೆ. ಹೂ ತೆಗೆದಿಟ್ಟು ತಿರುವಿದೆ. ಒಳಗೆಲ್ಲ ಹಸಿರು ಕಿಲುಬು, ಮಜ್ಜಿಗೆ ಇಟ್ಟ ತಾಮ್ರದ ಪಾತ್ರೆಯ ಹಾಗೆ. ಮೂಗಿನ ಹತ್ತಿರ ಹಿಡಿದರೆ ಕೆಟ್ಟ ಕಾಯಿಯ ವಾಸನೆ. ನಾನು ಚಿಮುಕಿಸಿದ ನೀರು ಅಲ್ಲಿಂದಲೇ ಒಳಗಿಳಿದಿತ್ತು.

ಬಹಳ ಹೊತ್ತು ಆ ಕೋಣೆಯ ಹೊಸ್ತಿಲ ಮೇಲೆ ಕೂತಿದ್ದೆ. ಅಷ್ಟು ನಾಚಿಕೆ ನನಗೆ ಯಾವತ್ತೂ ಆಗಿರಲಿಲ್ಲ. ಆಮೇಲೆ ಚೀಲದಲ್ಲಿದ್ದ ಬೇರೆ ತಿರುಪು ಹಾಕಿದೆ. ಕಿತ್ತೂರು ಪಕ್ಕದ ಮನೆಯ ಹಾಗೆ ಕೇಳಿತು. ಕಂಪ್ಯೂಟರಿನ ಗುರುತನ್ನು ಕಿತ್ತುಹಾಕಿ ಭಾಯಿಯ ಕೈಯನ್ನು ಮತ್ತೆ ಕೂರಿಸಿದೆ. ಸಂಜೆ ಆರಕ್ಕೆ ಎಲ್ಲರೆದುರು ಒಪ್ಪಿಕೊಂಡೆ: ತಪ್ಪು ನನ್ನದು, ಕೆಡಿಸಿದ್ದು ನನ್ನ ಕಾಯಿಯ ನೀರು, ಅವನ ಬೆಸುಗೆಯಲ್ಲ. ರಾಮದುರ್ಗದಿಂದ ಉತ್ತರ ಬರಲಿಲ್ಲ. ಬಂದದ್ದು ಅಕ್ಕಾರ ದನಿ.

"ಅವನ ಸೆಟ್ ಬಂದ್ ಇದ್ರ ನೀ ಯಾರಿಗೆ ಹೇಳಾಕ ಹತ್ತೀ? ಗುಡ್ಡಕ್ಕೇನು? ಡಿಪೋದಾಗ ಕೆಲಸ ಮಾಡತಿ, ರಾಮದುರ್ಗಕ್ಕ ಬಸ್ ಎಷ್ಟಕ್ಕೈತಿ ಅಂತ ನಾ ಹೇಳಬೇಕೇನು?"

ಮರುದಿನ ರಜೆ ಹಾಕಿ ಹೋದೆ. ಕಿಲುಬು ಹಿಡಿದ ತಿರುಪನ್ನು ಕರವಸ್ತ್ರದಲ್ಲಿ ಕಟ್ಟಿಕೊಂಡಿದ್ದೆ. ಅಂಗಡಿಯಲ್ಲಿ ಇಬ್ಬರು ಗಿರಾಕಿಗಳಿದ್ದರು. ಭಾಯಿ ಭೂತಗನ್ನಡಿ ಸಿಕ್ಕಿಸಿಕೊಂಡು ಒಂದು ಹೆಂಗಸರ ಗಡಿಯಾರದ ಮೇಲೆ ಬಾಗಿದ್ದ. ಅವನ ಕೈ ಎಳ್ಳಷ್ಟೂ ನಡುಗುತ್ತಿರಲಿಲ್ಲ. ಮೂಲೆಯಲ್ಲಿ ರೇಡಿಯೋ ಸೆಟ್ಟಿನ ಮೇಲೆ ಬಟ್ಟೆ ಹೊದಿಸಿತ್ತು. ನಾನು ಕರವಸ್ತ್ರ ಬಿಚ್ಚಿ ತಿರುಪನ್ನು ಗಾಜಿನ ಮೇಲಿಟ್ಟೆ. ಅವನು ಅದನ್ನು ಎತ್ತಿ, ಕಣ್ಣ ಹತ್ತಿರ ತಂದು, ಒಳಗೆ ನೋಡಿದ.

"ಕಾಯಿ ನೀರು," ಎಂದ ಮೆಲ್ಲಗೆ. "ನಂಗ ಗೊತ್ತಿತ್ತು ದೋಸ್ತ."

"ಗೊತ್ತಿತ್ತ? ಮತ್ತ ಯಾಕ ಹೇಳಲಿಲ್ಲ?"

ಅವನು ಗಿರಾಕಿಗಳ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದ. "ಪೂಜಿ ನಿಂದು, ನಾ ನಮಾಜ ಮಾಡಾಂವ. ಅದರಿಂದ ಕೆಟ್ಟೈತಿ ಅಂತ ನನ್ನ ಬಾಯಿಲೆ ಹ್ಯಾಂಗ ಬರಬೇಕು? ಕೇಳಿದ ಮಂದಿ ಒಂದಕ್ಕೆರಡು ತಿಳಕೋತಿದ್ರು. ಬೆಸುಗಿ ಕೆಟ್ಟೈತಿ ಅಂತನ ಇರಲಿ ಅಂತ ಬಿಟ್ನಿ." ತಿರುಪನ್ನು ಕೆಳಗಿಟ್ಟು ಹೇಳಿದ. "ಕೈ ನಡಗತಾವ ಅಂದಿ ನೋಡು, ಅದೊಂದು ನಟ್ಟಿತು."

ಇಷ್ಟು ವರ್ಷದ ಗೆಳೆತನದಲ್ಲಿ ಅವನು ಹೀಗೆ ಎಷ್ಟು ಮಾತುಗಳನ್ನು ನುಂಗಿಕೊಂಡಿರಬೇಕೆಂದು ನಾನು ಯಾವತ್ತಾದರೂ ಯೋಚಿಸಿದ್ದೆನೇ? ಮೂಲೆಗೆ ಹೋಗಿ ಸೆಟ್ಟಿನ ಬಟ್ಟೆ ತೆಗೆದೆ, ಸ್ವಿಚ್ಚು ಹಾಕಿ ಮೈಕು ಹಿಡಿದೆ. ಹಾಜರಿಯ ಹೊತ್ತಲ್ಲ, ಯಾರು ಕೇಳುತ್ತಾರೋ ಗೊತ್ತಿಲ್ಲ. ಕೇಳಬೇಕಾದವರು ಅಂಗಡಿಯಲ್ಲೇ ಇದ್ದರು. "ರಾಮದುರ್ಗದಾಗ, ಭಾಯಿ ಅಂಗಡ್ಯಾಗ ಕುಂತ ಹೇಳಾಕ ಹತ್ತೇನಿ. ಈ ನಾಲ್ಕು ತಾಲೂಕಿನಾಗ ಇವನಂಥಾ ಕೈ ಇನ್ನೊಂದಿಲ್ಲ. ನಡಗಿದ್ದು ನನ್ನ ನಾಲಿಗಿ."

ಗಿರಾಕಿಗಳು ಮುಖ ಮುಖ ನೋಡಿಕೊಂಡರು. ಮೈಕು ಬಿಟ್ಟ ಮೇಲೆ ಗುಡ್ಡದಿಂದ ಗುರುತು ಬಂತು, ಚುಕ್ಕಿ, ಗೀಟು, ಕಡೇ ಗೀಟು ಉದ್ದ. ಭಾಯಿ ತಲೆ ಎತ್ತಿದ. ತನ್ನ ಕೈಯನ್ನು ತೆಗೆದುಹಾಕಿದ್ದೂ ಅವನಿಗೆ ಗೊತ್ತಿರಲಿಲ್ಲ, ಮರಳಿ ಕೂರಿಸಿದ್ದೂ ಗೊತ್ತಿರಲಿಲ್ಲ. ಎರಡನ್ನೂ ಹೇಳಿದೆ. ಅವನು ನನ್ನ ಕೈಯಿಂದ ಮೈಕು ತೆಗೆದುಕೊಂಡು, ನನ್ನ ಮುಖ ನೋಡುತ್ತಲೇ, "ಎಪ್ಪತ್ಮೂರು," ಎಂದ.

ಈಗ ಹಾಜರಿಗೆ ಬರುವವರು ಕಡಿಮೆ. ತಾಮ್ರದ ಮುದುಕನ ಓಣಿಯಲ್ಲಿ ಸುತ್ತಿಗೆಯ ಸದ್ದಿಲ್ಲ. ಅಕ್ಕಾರ ದನಿ ತೆಳ್ಳಗಾಗಿದೆ. ಖಂಡೇನವಮಿಗೆ ಮಾತ್ರ ನಾವಿಬ್ಬರೂ ತಪ್ಪದೆ ಗುಡ್ಡ ಹತ್ತುತ್ತೇವೆ. ಹೂ ಅವನೇ ತರುತ್ತಾನೆ. ಕಾಯಿಯನ್ನು ಕೋಣೆಯ ಹೊರಗೆ, ಬಂಡೆಯ ಮೇಲೆ ಒಡೆಯುತ್ತೇನೆ. ಒಂದು ಹನಿಯೂ ಕೆಳಗೆ ಬೀಳದಂತೆ ಭಾಯಿ ಸ್ಟೀಲಿನ ಲೋಟ ಹಿಡಿದು ನಿಲ್ಲುತ್ತಾನೆ. ಅರ್ಧ ತಾನು ಕುಡಿದು, ಉಳಿದರ್ಧ ನನಗೆ ಕೊಡುತ್ತಾನೆ.