ಒಂದು ಹಾಡಿಗೊಂದು ಚೀಟಿ

ಕೌಲಾಲಂಪುರಕ್ಕೆ ಹೋಗೋಣ ಅಂದರೆ ಸಾಕು, ರುಬಿಯಾಗೆ ಮಂಡಿನೋವು ಶುರುವಾಗುತ್ತಿತ್ತು. ಕ್ವಾಲಾ ಪಿಲಾದಲ್ಲಿ ಬೆಳಿಗ್ಗೆ ಬಸ್ಸು ಹತ್ತಿದರೆ ಊಟದ ಹೊತ್ತಿಗೆ ರಾಜಧಾನಿ. ಊರಿನ ಹೆಂಗಸರೆಲ್ಲ ಹಬ್ಬದ ಬಟ್ಟೆಗೆಂದು ಅಲ್ಲಿಗೇ ಓಡುತ್ತಿದ್ದರು. ಇವಳು ಮಾತ್ರ ಮದುವೆಯಾಗಿ ಬಂದ ಮೇಲೆ ಅತ್ತ ಕಡೆ ತಲೆ ಹಾಕಿರಲಿಲ್ಲ. ಆದರೆ ಈ ಸಲ ಮೊಮ್ಮಗಳು ಸುರಾಯಾಳ ನಿಶ್ಚಿತಾರ್ಥಕ್ಕೆ ಸಾಮಾನು ತರುವುದಿತ್ತು, ಗಂಡಿನ ಕಡೆಯವರೂ ಅಲ್ಲಿಗೇ ಬರುತ್ತಿದ್ದರು. ಮಂಡಿನೋವಿನ ಆಟ ನಡೆಯಲಿಲ್ಲ.

"ವಾನ್, ನೀನು ಬರದಿದ್ರೆ ನಾನೂ ಹೋಗಲ್ಲ, ಅಷ್ಟೆ," ಎಂದಳು ಸುರಾಯಾ. ಆ ಸೀಮೆಯಲ್ಲಿ ಅಜ್ಜಿಯನ್ನು ಕರೆಯುವುದೇ ಹಾಗೆ.

"ನಿನ್ನ ಹಟ ಎಲ್ಲಾ ನಿಮ್ಮಜ್ಜಂದೇ ಕಣೇ," ಎಂದು ಗೊಣಗುತ್ತಲೇ ರುಬಿಯಾ ಬಸ್ಸು ಹತ್ತಿದಳು.

ಬುಕಿತ್ ಬಿಂತಾಂಗಿನ ಆ ದೊಡ್ಡ ಮಾಲಿನ ಮುಂದೆ ಇಳಿದವಳು ಅಲ್ಲೇ ನಿಂತು ತಲೆಯೆತ್ತಿ ನೋಡಿದಳು. ಊರೆಲ್ಲ ಬಿಟ್ಟು ಇದೇ ಜಾಗವೇ! ಮೇಲೆ ಗಾಜು, ದೀಪ, ತಾನೇ ಏರುವ ಮೆಟ್ಟಿಲು, ಏನಾದರೂ ಕಟ್ಟಿಕೊಳ್ಳಲಿ. ಕೆಳಗಿನ ನೆಲ ಮದುವೆಗೆ ಮುಂಚೆ ಅವಳು ದುಡಿಯುತ್ತಿದ್ದ ಮನರಂಜನೆಯ ಪಾರ್ಕಿನದು. ಆಗ ಇಲ್ಲಿ ಸಂಜೆಯಾದರೆ ಜಾತ್ರೆಯ ಜನ. ಒಂದು ಕಡೆ ನಾಟಕದವರ ನಗಾರಿ, ಇನ್ನೊಂದು ಕಡೆ ಕುಸ್ತಿಯ ಕೂಗು, ಕಡ್ಡಿಗೆ ಚುಚ್ಚಿದ ಸಾತೆ ಮಾಂಸ ಸುಡುವ ಹೊಗೆ, ಕೆಂಪು ಪಾಕ ಸುರಿದ ಐಸಿನ ಉಂಡೆ ಚೀಪುವ ಮಕ್ಕಳು. ನಡುವೆ ಜೋಗೆತ್ ಕುಣಿತದ ವೇದಿಕೆ. ಆ ವೇದಿಕೆಯ ಮೇಲೆ ಹಳದಿ ಕೆಬಾಯಾ ತೊಟ್ಟ ರುಬಿಯಾ.

ಜೋಗೆತ್‌ಗೆ ಅದರದೇ ಮರ್ಯಾದೆಯಿತ್ತು, ಈಗಿನವರಿಗೇನು ಗೊತ್ತು! ಗಂಡಸು ಚೀಟಿ ಕೊಂಡು ವೇದಿಕೆ ಹತ್ತಬೇಕು. ಎದುರುಬದುರು ಕುಣಿಯಬೇಕು, ಬೆರಳು ಕೂಡ ತಾಕುವಂತಿಲ್ಲ. ಹಾಡು ಮುಗಿದ ತಕ್ಷಣ ಹುಡುಗಿ ಅಂಗೈ ಚಾಚುತ್ತಾಳೆ, ಅವನು ಚೀಟಿ ಇಡುತ್ತಾನೆ, ಅವಳು ಅದನ್ನು ಸೊಂಟದ ಮಡಿಕೆಗೆ ಸಿಕ್ಕಿಸಿಕೊಂಡು ಮುಂದಿನ ಹಾಡಿಗೆ ತಿರುಗುತ್ತಾಳೆ. ಚೀಟಿ ಕೊಟ್ಟು ಹುಡುಗಿಯನ್ನು ಕೂರಿಸಲೂಬಹುದಿತ್ತು, ಆದರೆ ಹಾಗೆ ಮಾಡುವವರು ಯಾರು!

ಲಾರಿ ಓಡಿಸುತ್ತಿದ್ದ ಜಿದಿನ್‌ಗೆ ಕುಣಿಯಲು ಬರುತ್ತಿರಲಿಲ್ಲ. ಎಮ್ಮೆ ಕೆಸರಲ್ಲಿ ನಡೆದ ಹಾಗೆ ಹೆಜ್ಜೆ ಹಾಕುತ್ತಿದ್ದ. ಒಂದು ದಿನ ವೇದಿಕೆ ಹತ್ತಿದವನೇ, ಹಾಡು ಶುರುವಾಗುವ ಮೊದಲೇ ಚೀಟಿ ಅವಳ ಕೈಗಿಟ್ಟು, "ಈ ಹಾಡಿಗೆ ಕೂತ್ಕೊಳ್ಳಿ. ಕಾಲು ನೋಯ್ತಿರಬೇಕು," ಎಂದ. ಅವಳಿಗೆ ನಗುವುದೋ ಅಳುವುದೋ ತಿಳಿಯಲಿಲ್ಲ. ಅಲ್ಲಿಯವರೆಗೆ ಅವಳ ಕಾಲಿನ ನೋವನ್ನು ಯಾರೂ ಕೇಳಿರಲಿಲ್ಲ. ಆಮೇಲೆ ಅವನು ಬಂದಾಗಲೆಲ್ಲ ಅದೇ ಕೆಲಸ: ಚೀಟಿ ಕೊಡುವುದು, ಅವಳನ್ನು ಕೂರಿಸುವುದು, ಎರಡು ಸಾತೆ ಕಡ್ಡಿ ತಂದು ಮುಂದಿಡುವುದು. ಅಂಥವನನ್ನು ಮದುವೆಯಾಗದೆ ಬಿಡುವವರುಂಟೇ?

ಊರಿಗೆ ಹೋಗುವಾಗ ಅವನು ತಲೆ ತಗ್ಗಿಸಿ, "ಅಮ್ಮನಿಗೆ ನೀನು ಹೊಲಿಗೆ ಅಂಗಡಿಯವಳು ಅಂತ ಹೇಳಿದೀನಿ," ಎಂದಿದ್ದ. ಜೋಗೆತ್ ಹುಡುಗಿಯೆಂದರೆ ಮೂಗು ಮುರಿಯುವ ಕಾಲ. ರುಬಿಯಾ ಬಾಯಿಗೆ ಬೀಗ ಹಾಕಿಕೊಂಡಳು, ನಿಜಕ್ಕೂ ಹೊಲಿಗೆ ಕಲಿತಳು. ಜಿದಿನ್ ತೀರಿಕೊಂಡ ಮೇಲೆ ಈ ಗುಟ್ಟು ಅವಳೊಬ್ಬಳದೇ ಆಯಿತು.

ಈಗ ಅದು ಹೊರಬಿದ್ದರೆ ಸುರಾಯಾಳ ಗತಿ? ಗಂಡಿನ ಅಜ್ಜಿ ಹಾಜಾ ಜಮಾಲಿಯಾ ಹಜ್ ಯಾತ್ರೆ ಮುಗಿಸಿ ಹಾಜಾ ಎನಿಸಿಕೊಂಡವಳು, ಮುವಾರ್ ಊರಿನ ಧರ್ಮಪಾಠದ ಮೇಷ್ಟರ ವಿಧವೆ. ಇನ್ನೊಬ್ಬ ಮೊಮ್ಮಗನಿಗೆ ನೋಡಿದ್ದ ಹುಡುಗಿಯ ಚಿಕ್ಕಪ್ಪ ಜೂಜಾಡುತ್ತಾನೆಂದು ಆ ಸಂಬಂಧವನ್ನೇ ಮುರಿದವಳು. ಮಾಲಿನ ಬಟ್ಟೆ ಅಂಗಡಿಯಲ್ಲಿ ರೇಷ್ಮೆಯನ್ನು ಬೆರಳಲ್ಲಿ ಉಜ್ಜಿ ನೋಡುತ್ತಲೇ ಅವಳು ಕೆದಕತೊಡಗಿದಳು.

"ಮದುವೆಗೆ ಮುಂಚೆ ನೀವು ಇಲ್ಲೇ ಇದ್ರಂತೆ?"

"ಹೌದು ಹಾಜಾ. ಹೊಲಿಗೆ ಕೆಲಸ."

"ಯಾವ ಅಂಗಡಿ?"

"ಈಗಿಲ್ಲ ಬಿಡಿ. ಒಡೆದು ಹಾಕಿದಾರೆ," ಎಂದಳು ರುಬಿಯಾ. ಅದೊಂದು ಮಾತಾದರೂ ನಿಜವಾಗಿತ್ತು.

ಸಂಜೆ ಮಾಲಿನ ಮೇಲಂತಸ್ತಿನ ಹೋಟೆಲಿನಲ್ಲಿ ಊಟ. ರೆಂದಾಂಗ್ ಬಂತು, ಸುಟ್ಟ ಮೀನು ಬಂತು. ಮೂಲೆಯಲ್ಲಿ ವಾದ್ಯದವರು ಮೆಲ್ಲಗೆ ಏನೋ ನುಡಿಸುತ್ತಿದ್ದರು. ಇದ್ದಕ್ಕಿದ್ದಂತೆ ಪಿಟೀಲು ಕುಲುಕಿತು, ತಮಟೆ ಚುರುಕಾಯಿತು. ಜೋಗೆತ್! ಗಂಡು ಹಜ್ವಾನ್ ಎದ್ದು ಬಂದು ಕೈ ಮುಗಿದ.

"ವಾನ್, ಒಂದೇ ಹಾಡು. ಬನ್ನಿ ಬನ್ನಿ!"

"ಛೇ ಬಿಡಪ್ಪಾ, ನಂಗೇನು ಬರುತ್ತೆ!"

"ಬಾ ವಾನ್, ಬಿಂಕ ಸಾಕು," ಎಂದು ಸುರಾಯಾ ಹಿಂದಿನಿಂದ ನೂಕಿಯೇಬಿಟ್ಟಳು.

ಮೊದಲು ಬೇಕೆಂದೇ ಎಡವಿದಳು. ಆದರೆ ಕಾಲು ಕೇಳಬೇಕಲ್ಲ! ಎರಡನೆಯ ಸುತ್ತಿಗೆ ಹಿಮ್ಮಡಿ ತಾನೇ ಎದ್ದಿತು, ಭುಜ ತಾನೇ ಓಲಾಡಿತು. ಕಣ್ಣೆದುರಿನ ಹುಡುಗ ಮಸುಕಾದ. ದೀಪ, ಹೊಗೆ, ಐಸಿನ ಉಂಡೆ, ಮೆಟ್ಟಿಲ ಬಳಿ ಚೀಟಿ ಹಿಡಿದು ನಿಂತ ಜಿದಿನ್. ಅಯ್ಯೋ, ಎಂಥ ದಿನಗಳವು! ಹಾಡು ಮುಗಿಯಿತು. ರುಬಿಯಾಳ ಬಲಗೈ ಮುಂದೆ ಬಂದು, ಅಂಗೈ ಬಿಚ್ಚಿ ನಿಂತಿತು.

"ಏನು ಬೇಕು ವಾನ್?" ಹಜ್ವಾನ್ ಕಣ್ಣು ಪಿಳಿಪಿಳಿ ಬಿಟ್ಟ.

ಕೈ ಚೀಟಿ ಕೇಳುತ್ತಿದೆಯೆಂದು ರುಬಿಯಾಗೆ ಆಗ ಹೊಳೆಯಿತು. ಕೈ ಹಿಂದೆಗೆಯಬೇಕು, ಆಗುತ್ತಿಲ್ಲ. ಹಾಜಾ ಊಟದ ಮೇಜಿನಿಂದ ಎದ್ದು ಬರುತ್ತಿದ್ದಳು. ಅವಳ ಕಣ್ಣು ಆ ಅಂಗೈ ಮೇಲೇ ಇತ್ತು. ಮುಗಿಯಿತು, ಮಗುವಿನ ಬಾಳು ನನ್ನ ಕೈಯಾರೆ ಹಾಳಾಯಿತು ಎಂದುಕೊಂಡಳು ರುಬಿಯಾ.

ಹಾಜಾ ಕೈಚೀಲ ತೆರೆದಳು, ಒಂದು ಚೀಟಿ ತೆಗೆದಳು, ಆ ಅಂಗೈಯಲ್ಲಿಟ್ಟು ಬೆರಳು ಮಡಿಸಿದಳು.

"ಈ ಹಾಡಿಗೆ ಕೂತ್ಕೋ," ಎಂದಳು, ರುಬಿಯಾಗಷ್ಟೇ ಕೇಳುವಂತೆ. "ಕಾಲು ನೋಯ್ತಿರಬೇಕು."

ಚೀಟಿ ಕೊಟ್ಟು ಕೂರಿಸಬಹುದೆಂಬುದು ವೇದಿಕೆ ಹತ್ತಿದವರಿಗಲ್ಲದೆ ಇನ್ಯಾರಿಗೆ ತಿಳಿದೀತು!

"ಹಾಜಾ... ನೀವೂ?"

"ಇಪೋ ಊರಿನ ಪಾರ್ಕು. ಹಸಿರು ಕೆಬಾಯಾ." ಹಾಜಾ ವಾದ್ಯದವರತ್ತ ನೋಡಿದಳು. "ನಮ್ಮ ಮೇಷ್ಟ್ರು ಅಲ್ಲೇ ಪಿಟೀಲು ಬಾರಿಸ್ತಿದ್ರು. ಮುವಾರಿಗೆ ಬಂದ ಮೇಲೆ ಪಿಟೀಲನ್ನ ಅಟ್ಟಕ್ಕೆ ಹಾಕಿದ್ರು, ನಾನು ಬಾಯಿ ಮುಚ್ಕೊಂಡೆ. ಅವರೂ ಹೋದ್ಮೇಲೆ ಯಾರ ಹತ್ರ ಹೇಳ್ಕೊಳ್ಳಲಿ, ನೀನೇ ಹೇಳು."

ರುಬಿಯಾ ಚೀಟಿಯನ್ನು ಸೊಂಟದ ಮಡಿಕೆಗೆ ಸಿಕ್ಕಿಸಿಕೊಂಡು, "ನಂದು ಹಳದಿ," ಎನ್ನುತ್ತ ಹಾಜಾಳ ಕೈ ಹಿಡಿದು ಮೇಜಿಗೆ ನಡೆದಳು.

"ನೆಕ್! ಅದು ಪಾರ್ಕಿಂಗ್ ಚೀಟಿ!" ಹಜ್ವಾನ್ ತನ್ನ ಅಜ್ಜಿಯ ಬೆನ್ನಿಗೆ ಕೂಗಿದ. "ಅದಿಲ್ದೆ ಕಾರು ಹೊರಗೆ ಬಿಡಲ್ಲ!"

"ಬಿಡದಿದ್ರೆ ಬಸ್ಸಿದೆ. ಸುಮ್ನಿರೋ," ಎಂದಳು ಹಾಜಾ. ಆಮೇಲೆ ರುಬಿಯಾಳತ್ತ ತಿರುಗಿ, "ನಿಶ್ಚಿತಾರ್ಥದ ರೇಷ್ಮೆ ಹಳದೀದೇ ಇರಲಿ," ಎಂದಳು.

ಮುಂದಿನ ಹಾಡು ಶುರುವಾಯಿತು. ಸುರಾಯಾ ಮತ್ತು ಹಜ್ವಾನ್ ಎದುರುಬದುರು ನಿಂತರು. ಮುದುಕಿಯರಿಬ್ಬರೂ ಏಳಲಿಲ್ಲ, ಚೀಟಿ ಕೊಟ್ಟಾಗಿತ್ತಲ್ಲ. ಮೇಜಿನಡಿಯ ನಾಲ್ಕು ಕಾಲುಗಳು ಮಾತ್ರ ಕೂರಲು ಒಪ್ಪಲಿಲ್ಲ.